ಚಿಟ್ಟೆ ನೋಡಿ ಮನಸ್ಸು ಹಗುರ ಮಾಡಿಕೊಳ್ಳಿ ಎನ್ನುವವರಿಗೆ

ಹೋದ ನವೆಂಬರಿನಲ್ಲಿ ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಉಪನ್ಯಾಸವಿತ್ತು. ವಿಷಯ ‘ಪ್ರಕೃತಿ ಮತ್ತು ಮಾನಸಿಕ ಆರೋಗ್ಯ’. ಬಂದಿದ್ದವರು ದೂರದ ನಗರದವರು, ಓದಿಕೊಂಡವರು, ಮಾತು ಬಲ್ಲವರು. ದಿನಕ್ಕೆ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು ಒಂದು ಚಿಟ್ಟೆಯನ್ನೋ ಜೇನ್ನೊಣವನ್ನೋ ನೋಡುತ್ತ ಕೂತರೆ ಮನಸ್ಸಿನ ಒತ್ತಡ ಇಳಿಯುತ್ತದೆ ಎಂದರು. ಪ್ರಶ್ನೆ ಕೇಳುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ತೊಗರಿ ಹೂವಿಗಿ ಬಂದಾಗ ಹೊಲದಾಗ ಪತಂಗ ಕಂಡ್ರ ನಮ್ಮಪ್ಪಗ ನಿದ್ದಿ ಹತ್ತಂಗಿಲ್ರೀ. ಅದಕ್ಕೇನು ಮಾಡಬೇಕ್ರಿ?” ಸಭೆ ನಕ್ಕಿತು. ಉಪನ್ಯಾಸಕರೂ ನಕ್ಕು, ಅಪ್ಪನಿಗೂ ಧ್ಯಾನ ಕಲಿಸಮ್ಮ ಎಂದರು. ಹುಡುಗಿ ಕೂತುಬಿಟ್ಟಳು.

ಅವತ್ತಿನಿಂದ ಆ ನಗು ನನ್ನ ಕಿವಿಯಲ್ಲಿದೆ. ಯಾಕೆಂದರೆ ಕೀಟಗಳಿಗೂ ಮನುಷ್ಯರ ಮನಸ್ಸಿಗೂ ಇರುವ ಸಂಬಂಧದ ಬಗ್ಗೆ ಆ ಸಭೆಯಲ್ಲಿ ನಿಜವಾದ ಮಾತಾಡಿದವಳು ಅವಳೊಬ್ಬಳೇ.

ನಾನು ರಂಗಂಪೇಟೆಯವನು. ಸುರಪುರದ ಬಂಡೆಗುಡ್ಡಗಳ ಮಗ್ಗುಲಿಗೆ ಅಂಟಿಕೊಂಡ ಊರು. ಇತ್ತ ಎರೆಭೂಮಿಯ ತೊಗರಿ, ಹತ್ತಿ. ಅತ್ತ ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ. ನಮ್ಮ ಮನೆಗೆ ಇದ್ದದ್ದು ನಾಲ್ಕೆಕರೆ ತೊಗರಿ ಹೊಲ. 1997-98ರ ಹಂಗಾಮಿನಲ್ಲಿ ನಾನು ಏಳನೆಯ ಇಯತ್ತೆ. ಯಾದಗಿರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ನಾವು ಗುಲ್ಬರ್ಗಾ ಜಿಲ್ಲೆಯವರು. ಅಕಾಲದ ಮಳೆ, ಅದರ ಬೆನ್ನಿಗೆ ಕಾಯಿಕೊರಕ. ಹಸಿರು ಕಾಯಿಯೊಳಗೆ ಅರ್ಧ ಮೈ ತೂರಿಸಿ ಕೂತ ಹುಳು. ಅಪ್ಪ ಸಾಲ ತಂದು ಒಂದು ಸಲ ಎಣ್ಣಿ ಹೊಡೆದ, ಎರಡು ಸಲ ಹೊಡೆದ, ಮೂರನೆಯ ಸಲಕ್ಕೆ ಅಂಗಡಿಯವನು ಎರಡು ಡಬ್ಬಿ ಕೂಡಿಸಿ ಹೊಡಿ ಎಂದ. ಹುಳು ಸಾಯಲಿಲ್ಲ. ಅಪ್ಪ ಮಾತು ಬಿಟ್ಟ. ರಾತ್ರಿ ಎದ್ದು ಅಂಗಳದಲ್ಲಿ ಕೂತಿರುತ್ತಿದ್ದ. ಒಂದು ಸಂಜೆ ಅವ್ವ ಉಳಿದಿದ್ದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಓಣಿಯ ಕೊನೆಯ ಮನೆಯ ಮುದುಕಿಯ ಹತ್ತಿರ ಇಟ್ಟು ಬಂದಳು. ಯಾರಿಗೂ ಹೇಳಬ್ಯಾಡ ಎಂದಳು. ಯಾಕೆ ಎಂದು ನನಗೆ ಆಗ ತಿಳಿಯಲಿಲ್ಲ.

ಅಪ್ಪ ಇವತ್ತಿಗೂ ಇದ್ದಾನೆ. ಆ ವರ್ಷ ಬೀದರ್, ಗುಲ್ಬರ್ಗಾ ಜಿಲ್ಲೆಗಳ ಅನೇಕ ಮನೆಗಳಲ್ಲಿ ಅಪ್ಪಂದಿರು ಉಳಿಯಲಿಲ್ಲ. ಕರ್ನಾಟಕದಲ್ಲಿ ‘ರೈತರ ಆತ್ಮಹತ್ಯೆ’ ಎಂಬ ಮಾತು ಪತ್ರಿಕೆಗಳ ದಿನನಿತ್ಯದ ಶಬ್ದವಾದದ್ದು ಆ ಕಾಲದಿಂದಲೇ.

ಮುಂದೆ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಡಾ. ಜಿ.ಕೆ. ವೀರೇಶ್, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ವೃತ್ತಿಯಿಂದ ಕೀಟಶಾಸ್ತ್ರಜ್ಞರು. ವರದಿ ಬಂದದ್ದು 2002ರಲ್ಲಿ. ಒಂದೇ ಕಾರಣವಿಲ್ಲ, ಹಲವು ಕಾರಣಗಳಿವೆ ಎಂದಿತು. ಅದು ಸರಿಯೇ. ಆದರೆ ಆ ಹಲವು ಕಾರಣಗಳಲ್ಲಿ ಕುಡಿತಕ್ಕೂ ಮನೆಯ ಜಗಳಕ್ಕೂ ದೊಡ್ಡ ಜಾಗ ಸಿಕ್ಕಿತು. ರೈತ ಸಂಘಟನೆಗಳು ಸಿಟ್ಟಾದವು. ನನ್ನ ತಕರಾರು ಸ್ವಲ್ಪ ಬೇರೆ. ಕುಡಿತ ಸುಳ್ಳಲ್ಲ, ಜಗಳ ಸುಳ್ಳಲ್ಲ. ಆದರೆ ಅವನ್ನು ಮನುಷ್ಯನ ಒಳಗಿನ ದೋಷವೆಂದು ಒಂದು ಪಟ್ಟಿಗೆ, ಹುಳುವನ್ನು ಬೆಳೆಯ ದೋಷವೆಂದು ಇನ್ನೊಂದು ಪಟ್ಟಿಗೆ ಬರೆಯುವ ಅಭ್ಯಾಸ ಸುಳ್ಳು. ನಮ್ಮ ಕಡೆ ಕೀಟನಾಶಕಕ್ಕೂ ‘ಎಣ್ಣಿ’ ಅನ್ನುತ್ತಾರೆ, ಸಾರಾಯಿಗೂ ‘ಎಣ್ಣಿ’ ಅನ್ನುತ್ತಾರೆ. ಎರಡೂ ಒಂದೇ ಮನೆಗೆ, ಒಂದೇ ಹಂಗಾಮಿನಲ್ಲಿ, ಒಂದೇ ಸಾಲದ ದುಡ್ಡಿನಲ್ಲಿ ಬರುತ್ತವೆ.

ಇನ್ನು ಹುಳುವಿನ ಕಥೆಗೆ ಬರೋಣ. ತೊಗರಿಯ ಕಾಯಿಕೊರಕ, ಹೆಲಿಕೋವರ್ಪಾ ಆರ್ಮಿಜೆರಾ, ಒಂದು ಪತಂಗದ ಮರಿಹುಳು. ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆಗಳನ್ನು ಹೂವು ಮೊಗ್ಗುಗಳ ಮೇಲೆ ಒಂದೊಂದಾಗಿ ಇಡುತ್ತದೆ. ಎಲ್ಲವೂ ಬದುಕಿದರೆ ಹೊಲವೇ ಉಳಿಯುವುದಿಲ್ಲ. ಬದುಕುವುದಿಲ್ಲ, ಯಾಕೆಂದರೆ ಮೊಟ್ಟೆಯನ್ನೇ ಕೊಲ್ಲುವ ಟ್ರೈಕೋಗ್ರಾಮಾ ಎಂಬ ಕಣಜ ಇದೆ, ಗುಲಗಂಜಿ ಹುಳು ಇದೆ, ಜೇಡ ಇದೆ, ಕಾಜಾಣ ಇದೆ. ರೈತ ಸಂಬಳ ಕೊಡದ ಆಳುಗಳಿವು. ಎಣ್ಣಿ ಹೊಡೆದಾಗ ಮೊದಲು ಸಾಯುವುದು ಬಯಲಲ್ಲಿ ಓಡಾಡುವ ಈ ಆಳುಗಳು; ಕಾಯಿಯೊಳಗೆ ತೂರಿದ ಹುಳು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕಿ ಉಳಿದವು ವಿಷ ತಾಳುವ ಸಂತತಿಯನ್ನು ಹುಟ್ಟಿಸುತ್ತವೆ. ಪೈರೆಥ್ರಾಯ್ಡ್ ಕೀಟನಾಶಕಗಳಿಗೆ ಈ ಹುಳು ಜಗ್ಗುವುದಿಲ್ಲ ಎಂಬುದು ನಮ್ಮ ದೇಶದಲ್ಲಿ 1980ರ ದಶಕದ ಕೊನೆಗೇ ಗೊತ್ತಾಗಿತ್ತು. ಅಪ್ಪ ಮೂರನೆಯ ಸಲ ಡಬ್ಬಿ ತಂದದ್ದು ಅದಾಗಿ ಸುಮಾರು ಹತ್ತು ವರ್ಷಕ್ಕೆ. ಗೊತ್ತಿದ್ದದ್ದು ಅವನ ತನಕ ಬಂದಿರಲಿಲ್ಲ. ಅವನ ತನಕ ಬಂದದ್ದು ಅಂಗಡಿಯವನ ಮಾತು ಮಾತ್ರ.

ಇದು ಇವತ್ತಿನ ಹೊಸ ವಿದ್ಯೆಯೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಆಡ್ರಿಯಾಟಿಕ್ ಸಮುದ್ರದ ಮೀನುಗಾರಿಕೆ ಕಡಿಮೆಯಾದಾಗ ಬೇಟೆಗಾರ ಮೀನುಗಳ ಪಾಲು ಯಾಕೆ ಹೆಚ್ಚಿತು ಎಂಬ ಪ್ರಶ್ನೆಗೆ ಇಟಲಿಯ ಗಣಿತಜ್ಞ ವಿಟೊ ವೋಲ್ಟೆರಾ 1926ರಲ್ಲಿ ಉತ್ತರ ಬರೆದ. ತಿನ್ನುವವನನ್ನೂ ತಿನ್ನಿಸಿಕೊಳ್ಳುವವನನ್ನೂ ಒಂದೇ ಸಮನೆ ಕೊಲ್ಲುತ್ತ ಹೋದರೆ ಲಾಭ ತಿನ್ನಿಸಿಕೊಳ್ಳುವವನಿಗೆ. ಕೊಲ್ಲುವುದು ಕಡಿಮೆಯಾದರೆ ಲಾಭ ತಿನ್ನುವವನಿಗೆ. ಹೊಲದಲ್ಲಿ ತಿನ್ನಿಸಿಕೊಳ್ಳುವವನೇ ಕಾಯಿಕೊರಕ. ಇಂಡೋನೇಷ್ಯಾ ಇದನ್ನು ಭತ್ತದಲ್ಲಿ ಕಲಿತಿತು. ಎಣ್ಣಿ ಹೊಡೆದಷ್ಟೂ ಕಂದು ಜಿಗಿಹುಳು ಹೆಚ್ಚಿತು, ಜೇಡಗಳು ಸತ್ತಿದ್ದವು. 1986ರಲ್ಲಿ ಆ ದೇಶ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು, ಮುಂದೆ ರೈತರಿಗೆ ಹೊಲದಲ್ಲೇ ಕೀಟಪಾಠ ಶುರುಮಾಡಿತು. ನಮ್ಮ ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಅದೇ ಜಿಗಿಹುಳು ಇದೆ, ಪಾಠ ಇಲ್ಲ.

ಹತ್ತಿಯದೂ ಅದೇ ಹಾಡು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಹುಳು ಬೇಗ ಒಗ್ಗಿಕೊಳ್ಳದಿರಲಿ ಎಂದು 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಚೀಟು ಕೊಟ್ಟರು, ಹೊಲದ ಅಂಚಿಗೆ ಹಾಕಲೆಂದು. ಯಾಕೆ ಹಾಕಬೇಕೆಂದು ಹೇಳಿದವರು ಕಡಿಮೆ. ನಮ್ಮಣ್ಣನೂ ಅದನ್ನು ಬದುವಿಗೆ ಎಸೆದವನೇ. ಗುಲಾಬಿ ಕಾಯಿಕೊರಕ ಒಗ್ಗಿಕೊಂಡಿತು. 2021ರ ಕೊನೆಗೆ ಮೆಣಸಿನಕಾಯಿ ಹೂವಿಗೆ ಹೊರಗಿನಿಂದ ಬಂದ ಕಪ್ಪು ಥ್ರಿಪ್ಸ್ ಬಿದ್ದಿತು. ಪ್ರತಿ ಸಲವೂ ಅದೇ ಓಟ: ಅಂಗಡಿ, ಸಾಲ, ಡಬ್ಬಿ, ನಿದ್ದೆಯಿಲ್ಲದ ರಾತ್ರಿ.

ಈ ನಿದ್ದೆಯಿಲ್ಲದ ರಾತ್ರಿಗೆ ಇನ್ನೊಂದು ಕಾರಣವೂ ಇರಬಹುದು, ಅದರ ಬಗ್ಗೆ ಚಿಟ್ಟೆಯ ಉಪನ್ಯಾಸಗಳಲ್ಲಿ ಮಾತಿಲ್ಲ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರದ ಮೇಲೆ ಕೆಲಸ ಮಾಡುತ್ತವೆ. ಒಂದು ನರ ಇನ್ನೊಂದಕ್ಕೆ ಕೊಟ್ಟ ಸಂದೇಶವನ್ನು ಅಳಿಸುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಇವು ಕಟ್ಟಿಹಾಕುತ್ತವೆ. ಸಂದೇಶ ನಿಲ್ಲದೆ ಹರಿಯುತ್ತಲೇ ಇರುತ್ತದೆ. ಆ ಕಿಣ್ವ ಹುಳುವಿನಲ್ಲೂ ಇದೆ, ಅಪ್ಪನಲ್ಲೂ ಇದೆ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತಿದ್ದಾಗಲೇ ಟ್ಯಾಬುನ್ ಎಂಬ ಯುದ್ಧವಿಷ ಕೈಗೆ ಸಿಕ್ಕಿತು. ಎರಡೂ ಒಂದೇ ಕುಟುಂಬ. ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾ ರೈತರ ಮೇಲೆ 1993ರಿಂದ ನಡೆದಿರುವ ದೊಡ್ಡ ಅಧ್ಯಯನದಲ್ಲಿ, ಹಿಂದೆ ಕೀಟನಾಶಕದ ವಿಷಬಾಧೆಗೆ ಒಳಗಾದವರಲ್ಲಿ ಖಿನ್ನತೆ ಹೆಚ್ಚು ಕಂಡುಬಂತು. ಕಾರಣ ಇದೇ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ ಬೆನ್ನಿಗೆ ಪಂಪು ಕಟ್ಟಿಕೊಂಡು, ಬಾಯಿಗೆ ಟವೆಲ್ ಸುತ್ತಿ, ಬರಿಗಾಲಲ್ಲಿ ದಿನವಿಡೀ ಎಣ್ಣಿ ಹೊಡೆಯುವ ಆಳಿನ ಮನಸ್ಸಿನ ಬಗ್ಗೆ ಕೇಳುವ ಮೊದಲು ಅವನ ನರದ ಬಗ್ಗೆ ಕೇಳಬೇಕು ಎನ್ನಲು ಅಷ್ಟು ಸಾಕು.

ಕನ್ನಡದವರಿಗೆ ಇದು ಹೊಸದಾಗಿ ಹೇಳಬೇಕಾದ ಮಾತಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು ಇಪ್ಪತ್ತು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, ಒಂದು ಚಹಾ ಸೊಳ್ಳೆ ತಿಗಣೆಯ ನೆಪದಲ್ಲಿ. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆಗಳು ವಿಪರೀತವಾಗಿರುವುದನ್ನು ಗಮನಿಸಿದರು, ಶ್ರೀಪಡ್ರೆ ಬರೆದರು. ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2011ರಲ್ಲಿ. ಒಂದು ಊರಿನ ಮನೋರೋಗದ ಚೀಟಿಯನ್ನು ಓದಲು ಕೀಟದ ಕಡೆಗೂ ಆಕಾಶದ ಕಡೆಗೂ ನೋಡಬೇಕಾಯಿತು.

ಈಗ ಚಿಟ್ಟೆಯವರ ಮಾತಿಗೆ ನ್ಯಾಯ ಕೊಡಬೇಕು. ಹಸಿರು, ಹಕ್ಕಿ, ಹುಳುಗಳ ನಡುವೆ ಮನಸ್ಸು ತಣ್ಣಗಾಗುವುದು ನಿಜ. ಸುರಪುರದ ದೊರೆಗಳು ಕಟ್ಟಿಸಿ, ಮೆಡೋಸ್ ಟೇಲರ್ ಮುಂದೆ ಹಿಗ್ಗಿಸಿದ ಬೋನಾಳ ಕೆರೆಯ ದಂಡೆಯಲ್ಲಿ ನಾನೂ ಕೂತಿದ್ದೇನೆ, ಎದೆಯ ಭಾರ ಇಳಿದದ್ದುಂಟು. ಆದರೆ ಆ ಕೆರೆಯ ಹಕ್ಕಿಗಳೂ ಹುಳು ತಿಂದೇ ಬದುಕಬೇಕು, ಆ ಹುಳು ನಮ್ಮ ಹೊಲದಿಂದಲೇ ಬರಬೇಕು. ನೋಡಲು ಚಿಟ್ಟೆ ಬೇಕು ಎನ್ನುವವರು, ಚಿಟ್ಟೆಯನ್ನು ಕೊಲ್ಲುವ ಡಬ್ಬಿಯ ಬಗ್ಗೆ, ಆ ಡಬ್ಬಿಗೆ ಸಾಲ ಮಾಡಿದವನ ಬಗ್ಗೆ ಮಾತಾಡದಿದ್ದರೆ ಅದು ವಿಜ್ಞಾನವಲ್ಲ, ಭಾನುವಾರದ ವಿಹಾರ. ಪತಂಗ ಕಂಡು ಹೆದರುವವನಿಗೆ ಧ್ಯಾನ ಹೇಳುವುದು, ಮನೆ ಸೋರುವವನಿಗೆ ಮಳೆಯ ಚೆಂದ ಹೇಳಿದ ಹಾಗೆ.

ಹಾಗಾದರೆ ಏನು ಮಾಡಬೇಕು? ಒಂದು ಉತ್ತರ ಶ್ರೀಲಂಕಾದಲ್ಲಿದೆ. 1990ರ ದಶಕದ ನಡುವಿನಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನದರಲ್ಲೊಂದು. ಅತಿ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ಮಾರುಕಟ್ಟೆಯಿಂದ ತೆಗೆದರು. ಎರಡು ದಶಕದಲ್ಲಿ ಆ ಪ್ರಮಾಣ ಶೇ. 70ರಷ್ಟು ಇಳಿಯಿತು, ಬೆಳೆಯ ಇಳುವರಿ ಅದರಿಂದ ಕುಸಿಯಲಿಲ್ಲ. 2021ರಲ್ಲಿ ಅದೇ ದೇಶ ರಾಸಾಯನಿಕ ಗೊಬ್ಬರವನ್ನೂ ಕೀಟನಾಶಕವನ್ನೂ ರಾತ್ರೋರಾತ್ರಿ ನಿಲ್ಲಿಸಿ ಕೈಸುಟ್ಟುಕೊಂಡದ್ದನ್ನು ನೀವು ನೆನಪಿಸಬಹುದು. ನೆನಪಿಸಬೇಕು. ನಾನು ಕೇಳುತ್ತಿರುವುದು ಆ ಎರಡನೆಯದನ್ನಲ್ಲ, ಮೊದಲನೆಯದನ್ನು. ಮನುಷ್ಯನ ಒಂದು ಕೆಟ್ಟ ರಾತ್ರಿ ಕೊನೆಯ ರಾತ್ರಿಯಾಗದಂತೆ ನೋಡಿಕೊಳ್ಳುವುದು. ಕಷ್ಟದ ಗಳಿಗೆ ಹಾದುಹೋಗುತ್ತದೆ, ಕೈಗೆ ವಿಷ ಸಿಗದಿದ್ದರೆ ಹಾದುಹೋದವನು ಬದುಕುತ್ತಾನೆ. ನಮ್ಮಲ್ಲಿ 27 ಕೀಟನಾಶಕಗಳನ್ನು ನಿಷೇಧಿಸುವ ಕರಡನ್ನು ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿತು. ಅಂತಿಮ ಆದೇಶ ಬರುವ ಹೊತ್ತಿಗೆ ಆ ಪಟ್ಟಿ ಬೆರಳೆಣಿಕೆಗೆ ಇಳಿದಿತ್ತು.

ಎರಡನೆಯ ಉತ್ತರ ನಮ್ಮ ಹೊಲದಲ್ಲೇ ಇತ್ತು. ತೊಗರಿ ಗಿಡದ ಕೆಳಗೆ ತಾಡಪಾಲು ಹಿಡಿದು ಗಿಡ ಅಲುಗಿಸಿದರೆ ಬಹುಪಾಲು ಹುಳು ಉದುರುತ್ತವೆ. ಇದು ಗುಲ್ಬರ್ಗಾ ಭಾಗದ ರೈತರು ಬಲ್ಲ ಉಪಾಯ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ ಅದನ್ನು ಪರೀಕ್ಷಿಸಿ, ಸರಿಯೆಂದು ಕಂಡು, ಪ್ರಚಾರ ಮಾಡಿತು. ಉದುರಿದ ಹುಳು ಕೋಳಿಗೂ ಆಯಿತು, ಹುಳುವಿಗೆ ಮಾತ್ರ ರೋಗ ತರುವ ಎನ್‌ಪಿವಿ ವೈರಸ್ ತಯಾರಿಸಲೂ ಆಯಿತು. ಆದರೆ ಅಲುಗಿಸುವ ಕೆಲಸಕ್ಕೆ ನಾಲ್ಕು ಜನ ಕೂಡಬೇಕು, ಕೂಲಿ ಬೇಕು. ಡಬ್ಬಿಗೆ ಒಬ್ಬನೇ ಸಾಕು. ನಮ್ಮ ಕಡೆಯ ಜನ ಗುಳೆ ಹೋಗಿ ಊರು ಖಾಲಿಯಾದಷ್ಟೂ ಡಬ್ಬಿ ಗೆಲ್ಲುತ್ತದೆ. ಹೊಲದಲ್ಲಿ ನಾಲ್ಕು ಜನ ಕೂಡಿ ಮಾಡುವ ಕೆಲಸ ಮನಸ್ಸಿಗೂ ಔಷಧ ಎಂದು ನಾನು ನಂಬುತ್ತೇನೆ. ಇದಕ್ಕೆ ಅಂಕಿಅಂಶ ನನ್ನ ಬಳಿ ಇಲ್ಲ, ಅಪ್ಪನ ಮುಖ ಇದೆ.

ಮೂರನೆಯದು, ಮನಸ್ಸಿನ ಆರೈಕೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್ 1985ರಿಂದ ಮಾಡಿ ತೋರಿಸಿದ್ದು ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ಇವತ್ತು 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಆ ಸಂಖ್ಯೆಯನ್ನು ಮನೆಯ ಗೋಡೆಗೆ ಬರೆಯಿರಿ. ಆದರೆ ಫೋನಿನ ಆ ತುದಿಯಲ್ಲಿ ಕೂತವರಿಗೆ ತೊಗರಿ ಯಾವಾಗ ಹೂವಿಗೆ ಬರುತ್ತದೆ ಎಂದು ಗೊತ್ತಿರಬೇಕು, ಕೃಷಿ ಇಲಾಖೆಯ ಅಧಿಕಾರಿಗೆ ನಿದ್ದೆಗೆಟ್ಟ ಕಣ್ಣು ಗುರುತಿಸಲು ಗೊತ್ತಿರಬೇಕು. ಈ ಎರಡು ಇಲಾಖೆಗಳು ಒಂದು ಮೇಜಿನ ಮುಂದೆ ಕೂತದ್ದನ್ನು ನಾನಂತೂ ನಮ್ಮ ತಾಲೂಕಿನಲ್ಲಿ ನೋಡಿಲ್ಲ.

ಹುಡುಗಿಯ ಪ್ರಶ್ನೆಗೆ ಅವತ್ತು ಉತ್ತರ ಸಿಗಲಿಲ್ಲ. ಸಭೆ ಮುಗಿದ ಮೇಲೆ ನಾನು ಅವಳನ್ನು ಹುಡುಕಿದೆ, ಬಸ್ಸಿಗೆ ಹೋಗಿದ್ದಳು. ಸಿಕ್ಕಿದ್ದರೆ ಹೇಳುತ್ತಿದ್ದೆ: ನಿಮ್ಮಪ್ಪನಿಗೆ ನಿದ್ದೆ ಬರದಿರುವುದು ಅವನ ಮನಸ್ಸಿನ ದೌರ್ಬಲ್ಯವಲ್ಲ, ಅವನು ತನ್ನ ಹೊಲವನ್ನು ಸರಿಯಾಗಿಯೇ ಓದುತ್ತಿದ್ದಾನೆ. ಅವನ ಜೊತೆ ಹೋಗಿ ಕೂತು ಮಾತಾಡು. ನಾಲ್ಕು ಜನ ಸಿಕ್ಕರೆ ಗಿಡ ಅಲುಗಿಸಿ. ಮತ್ತೆ, ಮನೆಯಲ್ಲಿ ಡಬ್ಬಿ ಇದ್ದರೆ ಅದನ್ನು ಅವ್ವನ ಕೈಗೆ ಕೊಡು, ಎಲ್ಲಿ ಇಡಬೇಕೆಂದು ಅವಳಿಗೆ ಗೊತ್ತಿರುತ್ತದೆ.