ವಾರ್ಡ್ ಒಡದ್ರು, ಚಕ್ಕಡಿ ದಾರಿ ಯಾರದು?

ನವನಗರ, ಅಮರಗೋಳ ಕಡೆಯ ರೈತ ಬಂಧುಗಳೇ, 1962ರಲ್ಲಿ ಹುಬ್ಬಳ್ಳಿ-ಧಾರವಾಡ ಕೂಡಿಸಿ ಒಂದೇ ಪಾಲಿಕೆ ಮಾಡಿದರು. 2021ರ ಚುನಾವಣೆಗೆ 67 ವಾರ್ಡ್ ಹೋಗಿ 82 ಆದವು. 2025ರ ಜನವರಿಯಲ್ಲಿ ಧಾರವಾಡಕ್ಕ ಬ್ಯಾರೆ ಪಾಲಿಕೆ ಅಂತ ಸಂಪುಟ ಒಪ್ಪಿತು. ಧಾರವಾಡದವರು ಬಾಳ ವರ್ಷ ಕೇಳಿದ್ರು, ತಪ್ಪಲ್ಲ ಬಿಡ್ರಿ. ಆದ್ರ ನಡುವಿನ ನಮ್ಮ ಗತಿ? ಪಂಚಾಯ್ತಿ ಊರಾಗ ನರೇಗಾದಿಂದ ಹೊಲದ ದಾರಿ ಆದವು. ಪಾಲಿಕೆ ಹದ್ದಿನಾಗ ಆ ಯೋಜನೆನೇ ಇಲ್ಲ. ವಾರ್ಡಿನಾಗ ಲೇಔಟಿನ ಓಟು ಹೆಚ್ಚು, ಹೊಲದವರದು ಬೆರಳೆಣಿಕೆ. ಹಿಂಗಾಗಿ ಗಟಾರ ಅವರಿಗೆ, ಅದರ ನೀರು ನಮ್ಮ ಹೊಲಕ್ಕ. ಮುಂದ ಓಟು ಕೇಳಾಕ ಬಂದವರನ್ನ ಹೊಲಕ್ಕ ಕರಕೊಂಡು ಹೋಗ್ರಿ, ಮಳಿಗಾಲ ಇದ್ರ ಇನ್ನೂ ಚಲೋ. ಚಕ್ಕಡಿ ದಾರಿ ಯಾವ ರೊಕ್ಕದಾಗ ಮಾಡಸ್ತೀರಿ ಅಂತ ಕೇಳ್ರಿ. ಪಕ್ಷ ಯಾವುದು ಅನ್ನೂದು ಆಮ್ಯಾಲೆ ನೋಡೋಣ.