ಬಂಗಾರದ ಪದಕ ಎಣಿಸಿದ್ದಾಯ್ತು, ನಡುವೆ ಬಿಟ್ಟು ಹೋದವರನ್ನ ಯಾರು ಎಣಿಸ್ತೀರಿ?



ಪೋಸ್ಟ್ ಉದ್ದ ಅದ. ಪೂರ್ತಿ ಓದಿ ಆಮೇಲೆ ಬೈರಿ.

ಸೆಮಿಸ್ಟರ್ ಮುಗಿಯೋ ಹೊತ್ತು ಬಂತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಿ ನೋಡಿದರೂ ಗ್ಯಾದರಿಂಗ್, ಸೆಂಡ್ ಆಫ್, ಶಾಲು, ಹಾರ. ವಾಟ್ಸಾಪ್ ಸ್ಟೇಟಸ್ ತುಂಬ ನಮ್ಮ ಮಕ್ಕಳ ಫೋಟೋ. ಅವ್ವನ ಸೀರೆ ಉಟ್ಕೊಂಡು ಹುಡುಗಿಯರು ನಿಂತಿದ್ದು ನೋಡಿದರೆ ಕಣ್ಣು ತುಂಬ್ತದ. ಅವರ ಅವ್ವಂದಿರು ಅದೇ ಕಾಲೇಜಿನ ಕಾಂಪೌಂಡ್ ಹೊರಗೆ ಕಸ ಹೊಡೆದವರು, ಹೊಲದಾಗ ತೊಗರಿ ಕೊಯ್ದವರು. ಹಾಗಾಗಿ ಖುಷಿ ಪಡಬೇಡಿ ಅಂತ ಹೇಳೋಕೆ ಬಂದಿಲ್ಲ ನಾನು.

ಹೋದ ವಾರ ನಮ್ಮ ಭಾಗದ್ದೇ ಒಂದು ಕಾಲೇಜಿನ ಗ್ಯಾದರಿಂಗಿಗೆ ಅತಿಥಿ ಅಂತ ನನ್ನನ್ನೂ ಕರೆದಿದ್ದರು. ಕಾಲೇಜಿನ ಹೆಸರು ಬೇಡ. ವೇದಿಕೆ ಮೇಲೆ ವಾರ್ಷಿಕ ವರದಿ ಓದಿದರು. ಇಷ್ಟು ಮಂದಿಗೆ ರ‍್ಯಾಂಕ್, ಖೋಖೋದಲ್ಲಿ ಯೂನಿವರ್ಸಿಟಿ ಮಟ್ಟ, ಎನ್ಎಸ್ಎಸ್ ಶಿಬಿರ, ರಕ್ತದಾನ. ಒಂದೊಂದಕ್ಕೂ ಚಪ್ಪಾಳೆ. ನಾನೂ ಹೊಡೆದೆ. ಭಾಷಣ ಮುಗಿಸಿ ಕೆಳಗಿಳಿದರೆ ಆಫೀಸಿನ ಕಿಟಕಿ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ಶಹಾಬಾದ್ ಕಡೆಯವಳು, ಅಪ್ಪ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ. ನಾಲ್ಕನೇ ಸೆಮಿಸ್ಟರ್. ಸ್ಕಾಲರ್‌ಶಿಪ್ ಇನ್ನೂ ಖಾತೆಗೆ ಬಂದಿಲ್ಲ, ಫೀಸಿನ ಬಾಕಿ ಇದೆ, ಬಾಕಿ ಕಟ್ಟದೆ ಹಾಲ್ ಟಿಕೆಟ್ ಇಲ್ಲ. ಎಷ್ಟು ಬಾಕಿ? ನಾಲ್ಕು ಸಾವಿರದ ಚಿಲ್ಲರೆ. ಒಳಗಡೆ ನನಗೆ ಹೊದಿಸಿದ ಶಾಲು, ಹಾರ, ಫಲಕ, ಪೆಂಡಾಲ್, ಸೌಂಡ್ ಸಿಸ್ಟಮ್ ಎಲ್ಲಾ ಲೆಕ್ಕ ಹಾಕ್ರಿ. ಆ ರೊಕ್ಕದಾಗ ಇಂಥ ಎಷ್ಟು ಹುಡುಗಿಯರ ಬಾಕಿ ತೀರ್ತಿತ್ತು?

ನಾವು ನಾಲ್ಕೈದು ಮಂದಿ ಸೇರಿ ಕಟ್ಟಿದೆವು. ಅದನ್ನ ಹೇಳ್ಕೊಳ್ಳೋಕೆ ಬರೀತಿಲ್ಲ. ಆಮೇಲೆ ಅವಳ ಅಪ್ಪನಿಗೆ ಫೋನ್ ಮಾಡಿದೆ. ಆ ಕಾಕಾ ಹೇಳಿದ್ದು ಇನ್ನೂ ಕಿವಿಯಾಗ ಅದ: "ಸರ, ನಾ ಕಡದ ಕಲ್ಲು ಕಾಲೇಜಿಗಿ ಹೋಗಿ ಮೂವತ್ತ ವರ್ಷ ಆತು. ಮಗಳು ಈಗ ಹೋಗ್ಯಾಳ. ಆಕಿನ ವಾಪಸ್ ಕಳಸಬ್ಯಾಡ್ರಿ ಅಂತ ಹೇಳ್ರಿ."

ವಾರ್ಷಿಕ ವರದಿಯಲ್ಲಿ ಆ ಕಿಟಕಿ ಇರಲಿಲ್ಲ. ನನ್ನ ಜಗಳ ಇರೋದು ಇಲ್ಲೇ.

ಪ್ರತಿ ವರ್ಷ ಘಟಿಕೋತ್ಸವ ಬಂದಾಗ ಪತ್ರಿಕೆಗಳಲ್ಲಿ ಒಂದು ಸುದ್ದಿ ಇದ್ದೇ ಇರ್ತದ. ಕೂಲಿಕಾರನ ಮಗಳಿಗೆ ಬಂಗಾರ. ತಾಂಡಾದ ಹುಡುಗನಿಗೆ ಪದಕಗಳ ಸುರಿಮಳೆ. ನಾವೇ ಮೊದಲು ಶೇರ್ ಮಾಡ್ತೀವಿ, ನೀಲಿ ಹಾರ್ಟ್ ಹಾಕ್ತೀವಿ. ಬಡತನವನ್ನು ಮೆಟ್ಟಿ ನಿಂತ ಪ್ರತಿಭೆ ಅಂತ ಬರೀತಾರೆ. ಬಡತನ ಏನು ಕಲ್ಲೋ ಮುಳ್ಳೋ ಮೆಟ್ಟೋಕೆ? ಅದು ಇಂಥ ತಾರೀಖಿನೊಳಗೆ ಇಂಥ ಚಲನ್ ಕಟ್ಟಬೇಕು ಅನ್ನೋ ಲೆಕ್ಕ. ಆ ತಾರೀಖು ಯಾರೋ ನಿಗದಿ ಮಾಡ್ತಾರೆ, ಆ ರೊಕ್ಕ ಯಾರೋ ತಡ ಮಾಡ್ತಾರೆ. ಪದಕ ತಗೊಂಡ ಹುಡುಗಿಯ ಪಕ್ಕದ ಬೆಂಚಿನಲ್ಲಿ ಮೊದಲನೇ ಸೆಮಿಸ್ಟರಿಗೆ ಕೂತವರು ಎಷ್ಟು, ಕೊನೆಯ ಸೆಮಿಸ್ಟರಿಗೆ ಉಳಿದವರು ಎಷ್ಟು ಅನ್ನೋದು ಯಾರೂ ಬರೆಯಲ್ಲ. ಚಿಂಚೋಳಿ ತಾಂಡಾಗಳಿಂದ ಅಪ್ಪ ಅವ್ವ ಬೇಸಿಗೆಗೆ ಪುಣೆ, ಮುಂಬೈ, ಹೈದರಾಬಾದ್ ಅಂತ ದುಡಿಯಕ್ಕ ಹೋಗ್ತಾರ. ಪರೀಕ್ಷೆ ಫೀಸು ಕಟ್ಟೋ ಹೊತ್ತಿಗೆ ಮನೆಯಲ್ಲಿ ಮುದುಕಿ ಒಬ್ಬಳೇ. ಹುಡುಗ ಒಂದು ಸೆಮಿಸ್ಟರ್ ಬಿಟ್ಟರೆ ಮುಂದಿನದಕ್ಕೆ ಅವನೂ ಸೆಂಟ್ರಿಂಗ್ ಕೆಲಸಕ್ಕೆ ಹೋದ ಅಂತಲೇ ಲೆಕ್ಕ.

ನಮ್ಮ ಮಕ್ಕಳು ಕ್ಲಾಸಿಗೆ ಬರೋದು ಹೆಂಗ ಅಂತ ಬೆಂಗಳೂರಿನವರಿಗೆ ಹೇಳಬೇಕು. ವಾಡಿ, ಶಹಾಬಾದಿನವರು ಕಲಬುರಗಿಗೆ ರೈಲು ಹಿಡೀತಾರೆ. ಚಿತ್ತಾಪುರದಿಂದ ರೈಲಿಗೆ ಬಂದರೆ ವಾಡಿ ಸುತ್ತಿ ಬರಬೇಕು. ಗುಲಬರ್ಗಾ ವಿಶ್ವವಿದ್ಯಾಲಯ ಸೇಡಂ ರಸ್ತೆಯಲ್ಲೇ ಇರೋದರಿಂದ ಸೇಡಂ ಬಸ್ಸಿನವರು ಪುಣ್ಯವಂತರು. ಚಿಂಚೋಳಿಗೆ ರೈಲೇ ಇಲ್ಲ. ಅಲ್ಲಿಯ ಹುಡುಗಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಬೇಕಂದ್ರೆ ಜಿಲ್ಲೆಯ ಈ ತುದಿಯಿಂದ ಕಲಬುರಗಿ ದಾಟಿ ಆಳಂದ ರಸ್ತೆ ಹಿಡೀಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಚಾರ್ಜ್ ಉಳೀತು, ಅದನ್ನ ಒಪ್ಪಬೇಕು. ಬಿಟ್ಟಿ ಬಸ್ಸು ಅಂತ ನಗೋರು ಒಮ್ಮೆ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ನಿಂತು ಬುತ್ತಿ ಹಿಡ್ಕೊಂಡ ಹುಡುಗಿಯರನ್ನ ಎಣಿಸಲಿ.

ಇನ್ನೊಂದು. ಬಿಸಿಲಿನ ಕಾರಣಕ್ಕೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಒಳ್ಳೇದೇ, ನೌಕರರೂ ಮನುಷ್ಯರೇ. ಆದರೆ ಕೊಂಚಾವರಂ ಕಡೆಯ ಹುಡುಗ ಸ್ಕಾಲರ್‌ಶಿಪ್ ಯಾಕೆ ತಡೆದಿದೆ ಅಂತ ಕೇಳೋಕೆ ಎರಡು ಬಸ್ ಬದಲಿಸಿ ಜಿಲ್ಲಾ ಕೇಂದ್ರಕ್ಕೆ ಬರೋ ಹೊತ್ತಿಗೆ ಸಾಹೇಬರು ಬೀಗ ಹಾಕ್ತಿರ್ತಾರೆ. ಆಧಾರ್ ಜೋಡಣೆ ಆಗಿಲ್ಲ, ಜಾತಿ ಪ್ರಮಾಣಪತ್ರದಲ್ಲಿ ಹೆಸರು ಬೇರೆ ಇದೆ, ಪೋರ್ಟಲ್ ತೆಗೀತಿಲ್ಲ. ಮೂರು ಕಾರಣಕ್ಕೆ ಮೂರು ಸಲ ಬರಬೇಕು. ಪರಿಶಿಷ್ಟರ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾಗಿದ್ದು 1944ರಲ್ಲಿ, ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲಿನಲ್ಲಿ ಇದ್ದಾಗ. ಕೇಂದ್ರ 60, ರಾಜ್ಯ 40 ಪಾಲು ಅಂತ ಕೇಂದ್ರ ಸಂಪುಟ ತೀರ್ಮಾನ ಮಾಡಿದ್ದು 2020ರ ಡಿಸೆಂಬರಿನಲ್ಲಿ. ಎಂಬತ್ತು ವರ್ಷ ಹಳೆಯ ಯೋಜನೆಯ ರೊಕ್ಕ ಪರೀಕ್ಷೆಗಿಂತ ಮೊದಲು ಬರಬೇಕು ಅನ್ನೋದು ಇನ್ನೂ ಯಾರಿಗೂ ಹೊಳೆದಿಲ್ಲ.

ಅದೇ ವೇದಿಕೆಯಲ್ಲಿ ನನಗಿಂತ ಮೊದಲು ಮಾತಾಡಿದ ಹಿರಿಯರೊಬ್ಬರು ಚಿತ್ತಾಪುರದ ನಾಗಾವಿಯನ್ನ ಹೊಗಳಿದರು. ದಕ್ಷಿಣದ ತಕ್ಷಶಿಲೆ, ಜಗತ್ತೇ ಓದದಿದ್ದಾಗ ನಮ್ಮಲ್ಲಿ ವಿಶ್ವವಿದ್ಯಾಲಯ ಇತ್ತು ಅಂತ. ಹೌದು, ಇತ್ತು. 1058ರ ಶಾಸನದಲ್ಲಿ ಅಲ್ಲಿಯ ಘಟಿಕಾಸ್ಥಾನದ ವಿವರ ಇದೆ, ಪುಸ್ತಕ ಭಂಡಾರ ನೋಡಿಕೊಳ್ಳೋಕೆ ಆರು ಮಂದಿ ಇದ್ದರು. ಅಷ್ಟು ಹಿಂದೆ ಆರು ಜನ ಗ್ರಂಥಪಾಲಕರು! ಇವತ್ತು ನಮ್ಮ ಎಷ್ಟು ಡಿಗ್ರಿ ಕಾಲೇಜಿನಲ್ಲಿ ಒಬ್ಬ ಕಾಯಂ ಗ್ರಂಥಪಾಲಕ ಇದ್ದಾನೆ ಅಂತ ಅವರೇ ಹೇಳಬೇಕು. ಆದರೆ ಅಲ್ಲಿ ಓದಿದವರು ವೇದ, ಶಾಸ್ತ್ರ ಓದೋ ಅಧಿಕಾರ ಇದ್ದವರು. ನನ್ನ ಮುತ್ತಜ್ಜನ ಮುತ್ತಜ್ಜ ಆ ಬಾಗಿಲಿನ ಕಲ್ಲು ಹೊತ್ತಿರಬಹುದು, ಒಳಗೆ ಹೋಗಿರಲಿಕ್ಕಿಲ್ಲ. ಅದೇ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿ ಸ್ತೂಪ ಇದೆ, ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ ಸಿಕ್ಕ ಜಾಗ. ಅಲ್ಲಿಯ ದಾನ ಶಾಸನಗಳಲ್ಲಿ ಭಿಕ್ಖುಣಿಯರ ಹೆಸರಿದೆ, ಹೆಂಗಸರ ಹೆಸರಿದೆ. ಹೊಗಳೋದಾದರೆ ಎರಡನ್ನೂ ಹೊಗಳ್ರಿ, ಬಾಗಿಲು ಯಾರಿಗೆ ತೆಗೆದಿತ್ತು ಅನ್ನೋದನ್ನೂ ಮಕ್ಕಳಿಗೆ ಹೇಳ್ರಿ.

ನಮಗೆ ಬಾಗಿಲು ತೆಗೆದ ಕಾಲೇಜು ಬೇರೆ. 1950ರಲ್ಲಿ ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಾಲೇಜು ಶುರು ಮಾಡಿದರು, ಮುಂದೆ ಅದು ಮಿಲಿಂದ್ ಕಾಲೇಜಾಯ್ತು. ಆಗ ಔರಂಗಾಬಾದೂ ಗುಲಬರ್ಗಾವೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಹಳ್ಳಿಯಿಂದ ಬಂದ ಹುಡುಗನಿಗೆ ಇರೋಕೆ ಜಾಗ, ಊಟ ಇಲ್ಲದಿದ್ದರೆ ಕ್ಲಾಸ್ ರೂಮು ಇದ್ದೂ ಇಲ್ಲದಂತೆ ಅನ್ನೋದು ಅವರಿಗೆ ಗೊತ್ತಿತ್ತು, ಕಾಲೇಜಿನ ಜೊತೆಗೇ ಹಾಸ್ಟೆಲ್ ಕಟ್ಟಿಸಿದರು.

ಈಗ ನಮ್ಮವರ ಸರದಿ. ಸಿಟ್ಟಾಗಬೇಡ್ರಿ. ಏಪ್ರಿಲ್ 14ಕ್ಕೆ ಓಣಿ ಓಣಿಯಲ್ಲಿ ಪಟ್ಟಿ ಎತ್ತಿ ಡಿಜೆ ತರಿಸಿದೆವು. ನಾನೂ ಕುಣಿದಿದ್ದೀನಿ, ಸುಳ್ಳು ಹೇಳಲ್ಲ. ಜಯಂತಿ ನಮ್ಮ ಹಬ್ಬ, ಮೆರವಣಿಗೆ ನಮ್ಮ ಹಕ್ಕು, ರಸ್ತೆ ಮೇಲೆ ನಡೆಯೋಕೂ ಬಿಡದ ಊರಲ್ಲಿ ಮೆರವಣಿಗೆ ಹೋಗೋದೇ ಹೋರಾಟ. ಆದರೆ ಡಿಜೆಯವನಿಗೆ ಅಡ್ವಾನ್ಸ್ ಕೊಟ್ಟ ಕಮಿಟಿ, ಅದೇ ಓಣಿಯಲ್ಲಿ ಯಾರ ಹಾಲ್ ಟಿಕೆಟ್ ನಿಂತಿದೆ ಅಂತ ಮನೆ ಮನೆಗೆ ಹೋಗಿ ಕೇಳಿತ್ತಾ? ನಮ್ಮ ಕಮಿಟಿ ಕೇಳಿರಲಿಲ್ಲ.

ಕ್ಯಾಂಪಸ್ಸಿನಲ್ಲಿ ಕೇಳೋರು ಯಾಕಿಲ್ಲ ಅನ್ನೋದಕ್ಕೂ ಕಾರಣ ಇದೆ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ 1989-90ರ ಸುಮಾರಿಗೆ ನಿಂತುಹೋದವು. ಮಲ್ಲಿಕಾರ್ಜುನ ಖರ್ಗೆಯವರು ಗುಲಬರ್ಗಾ ಸರ್ಕಾರಿ ಕಾಲೇಜಿನ ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿಯಾಗಿ ಶುರು ಮಾಡಿದವರು. ಇವತ್ತಿನ ಖರ್ಗೆಗೆ ಆ ಮೆಟ್ಟಿಲೇ ಇಲ್ಲ. ಈಗ ವಿದ್ಯಾರ್ಥಿ ಮುಖಂಡ ಅಂದರೆ ಗ್ಯಾದರಿಂಗಿಗೆ ಕುರ್ಚಿ ಹಾಕೋನು.

ಸೇಡಂ ದಾಟಿ ಹೋಗೋ ರೈಲು ಹೈದರಾಬಾದ್ ಮುಟ್ತದ. ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 2016ರ ಜನವರಿ 17ಕ್ಕೆ ರೋಹಿತ್ ವೇಮುಲ ಹೋದ. ಅವನಿಗೆ ತಿಂಗಳುಗಟ್ಟಲೆ ಫೆಲೋಶಿಪ್ ಬಂದಿರಲಿಲ್ಲ ಅನ್ನೋದನ್ನ ನಾವು ಮರೀಬಾರದು. ರೋಹಿತ್ ಹೆಸರಿನಲ್ಲಿ ಕಾನೂನು ತರ್ತೀವಿ ಅಂತ 2025ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಕಾನೂನಿನಲ್ಲಿ ಒಂದು ಸಾಲು ಇರಬೇಕು: ಸರ್ಕಾರ ಕೊಡಬೇಕಾದ ಸ್ಕಾಲರ್‌ಶಿಪ್ ತಡವಾದರೆ ಯಾವ ಕಾಲೇಜೂ ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡ್, ಟಿಸಿ ತಡೆಯೋ ಹಾಗಿಲ್ಲ. ಬಾಕಿ ಸರ್ಕಾರದ್ದು, ಸರ್ಕಾರವನ್ನೇ ಕೇಳಲಿ.

ಪ್ರಿನ್ಸಿಪಾಲ್ ಸಾಹೇಬರಿಗೆ, ಕುಲಪತಿಗಳಿಗೆ ನನ್ನ ಬೇಡಿಕೆ ಸಣ್ಣದು. ಮುಂದಿನ ವಾರ್ಷಿಕ ವರದಿಯಲ್ಲಿ ಪದಕದ ಪಟ್ಟಿಗಿಂತ ಮೊದಲು ಎರಡು ಅಂಕಿ ಓದಿಸ್ರಿ. ಮೊದಲ ಸೆಮಿಸ್ಟರಿಗೆ ಸೇರಿದ ಎಸ್ಸಿ, ಎಸ್ಟಿ ಮಕ್ಕಳು ಎಷ್ಟು, ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದವರು ಎಷ್ಟು. ರಿಜಿಸ್ಟರ್ ನಿಮ್ಮ ಕಪಾಟಿನಲ್ಲೇ ಅದ, ಹತ್ತು ನಿಮಿಷದ ಕೆಲಸ. ಓದೋವರೆಗೂ ಶಾಲು ಹೊದ್ದುಕೊಳ್ಳೋಕೆ ನನ್ನನ್ನ ಕರೀಬೇಡ್ರಿ.

ಈ ಐದು ಊರಿನಲ್ಲಿ ಯಾರದಾದರೂ ಹಾಲ್ ಟಿಕೆಟ್ ಫೀಸಿಗಾಗಿ ನಿಂತಿದ್ದರೆ ಇವತ್ತು ರಾತ್ರಿಯೊಳಗೆ ಇನ್‌ಬಾಕ್ಸ್ ಮಾಡ್ರಿ. ಕಾಮೆಂಟಿನಲ್ಲಿ ಮಕ್ಕಳ ಹೆಸರು, ಫೋಟೋ ಹಾಕಬೇಡ್ರಿ. ಊರು, ಕೋರ್ಸು, ಬಾಕಿ ಎಷ್ಟು, ಕೊನೆಯ ದಿನ ಯಾವುದು, ಅಷ್ಟು ಸಾಕು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸಮಾಜ ಕಲ್ಯಾಣ ಇಲಾಖೆ ಕಚೇರಿ ಬಾಗಿಲಿಗೆ ಹೋಗ್ತಿದ್ದೀವಿ. ಬರೋರು ನೀರಿನ ಬಾಟಲಿ ತಗೊಂಡು ಬರ್ರಿ, ಬಿಸಿಲು ಭಾಳ ಅದ.

ಜೈಭೀಮ್.