ಒಂದು ಬಿಲ್ಲೆ ‘ಒಬ್ಬ’ನಾದ ಬಗೆ

ಕಳೆದ ಸಂಕ್ರಾಂತಿಯ ರಜೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಪ್ರಾರಂಭಿಸುತ್ತೇನೆ. ಊರಿನ ಮನೆಯ ಜಗಲಿಯಲ್ಲಿ ಕುಳಿತು ನಾನು ಮೊಬೈಲಿನಲ್ಲಿ ‘ಪ್ಯಾಕ್‌ಮ್ಯಾನ್’ ಎಂಬ ಹಳೆಯ ವಿಡಿಯೋ ಆಟವನ್ನು ಆಡುತ್ತಿದ್ದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕನ್ನಡಕದ ಮೇಲಿನಿಂದ ಸ್ವಲ್ಪ ಹೊತ್ತು ನೋಡಿದರು. ಹಳದಿಯ ಒಂದು ಬಿಲ್ಲೆ ಬಾಯಿ ತೆರೆದು ಮುಚ್ಚುತ್ತ, ಚುಕ್ಕಿಗಳನ್ನು ನುಂಗುತ್ತ, ಓಣಿ ಓಣಿಗಳಲ್ಲಿ ಓಡುತ್ತಿತ್ತು. ನಾಲ್ಕು ಭೂತಗಳು ಅದನ್ನು ಅಟ್ಟಿಸಿಕೊಂಡು ಬರುತ್ತಿದ್ದವು. ಕೊನೆಗೆ ಬಿಲ್ಲೆ ಒಂದು ಮೂಲೆಯಲ್ಲಿ ಸಿಕ್ಕಿಬಿದ್ದು, ಬಾಯನ್ನು ಮೇಲಕ್ಕೆ ಅಗಲಿಸಿ, ಕುಗ್ಗಿ ಕುಗ್ಗಿ ಇಲ್ಲವಾಯಿತು. “ಅಯ್ಯೋ ಪಾಪ! ಒಬ್ಬನ ಮೇಲೆ ನಾಲ್ಕು ಜನ ಬಿದ್ದರಲ್ಲೋ!” ಎಂದು ಅಜ್ಜಿ ಮರುಗಿದರು.

ಅಜ್ಜಿಗೆ ಆ ಆಟದ ನಿಯಮಗಳು ತಿಳಿಯವು. ಇಂಗ್ಲಿಷ್ ಅಕ್ಷರವೂ ಬಾರದು. ಆದರೂ ಕಣ್ಣು ಮೂಗುಗಳಿಲ್ಲದ ಆ ಬಿಲ್ಲೆಯನ್ನು ಅವರು ‘ಒಂದು’ ಎನ್ನಲಿಲ್ಲ, ‘ಒಬ್ಬ’ ಎಂದರು. ವ್ಯಾಕರಣದ ದೃಷ್ಟಿಯಿಂದ ಇದು ನಪುಂಸಕಲಿಂಗವು ಪುಲ್ಲಿಂಗವಾದ ತಪ್ಪೆಂದು ಹೇಳಬಹುದು. ಆದರೆ ಈ ತಪ್ಪಿನಲ್ಲಿಯೇ ಒಂದು ದೊಡ್ಡ ವಿಷಯ ಅಡಗಿದೆಯೆಂದು ನನಗೆ ತೋರಿತು.

ಕಾಲೇಜಿಗೆ ಮರಳಿದ ಮೇಲೆ ಇದನ್ನು ಮಿತ್ರನೊಬ್ಬನಿಗೆ ಹೇಳಿದೆ. ಅವನು ನಕ್ಕು, “ಅಲ್ಲಯ್ಯಾ, ಈಗಿನ ಆಟಗಳಲ್ಲಿ ವೀರನ ಹಣೆಯ ಮೇಲಿನ ಬೆವರಹನಿ ಕೂಡ ಕಾಣುತ್ತದೆ. ನೀನಿನ್ನೂ ಬಿಲ್ಲೆಯನ್ನೇ ಹಿಡಿದುಕೊಂಡು ಕೂತಿದ್ದೀಯಲ್ಲ!” ಎಂದ. ಆಟವೆಂದರೆ ಬರಿಯ ಕಾಲಹರಣವೆನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಪರೀಕ್ಷೆ ಹತ್ತಿರ ಬಂದಾಗ ನಾನೂ ಅವರ ಪಕ್ಷವೇ. ಆದುದರಿಂದ ಅವರೊಡನೆ ನನಗೆ ವಾದವಿಲ್ಲ. ವಾದವಿರುವುದು ಮಿತ್ರನೊಡನೆ. ಬೆವರಹನಿ ಕಂಡಮಾತ್ರಕ್ಕೆ ಪಾತ್ರಕ್ಕೆ ಜೀವ ಬಂದಂತಾಯಿತೇ? ಇದೇ ಪ್ರಶ್ನೆ.

ಮೊದಲು ಆ ಬಿಲ್ಲೆಯ ಜನ್ಮವೃತ್ತಾಂತವನ್ನೇ ನೋಡೋಣ. ‘ಪ್ಯಾಕ್‌ಮ್ಯಾನ್’ ೧೯೮೦ರಲ್ಲಿ ಜಪಾನಿನ ನಾಮ್ಕೋ ಕಂಪನಿಯಿಂದ ಹೊರಬಂದ ಆಟ. ಅದನ್ನು ರೂಪಿಸಿದವರು ತೋರು ಇವಾತಾನಿ. ಒಂದು ತುಂಡು ತೆಗೆದ ಪಿಜ್ಜಾದ ಆಕಾರವೂ, ಬಾಯಿ ಎಂಬ ಅರ್ಥದ ಜಪಾನೀ ಲಿಪಿಯ ಚೌಕವನ್ನು ದುಂಡಗೆ ಮಾಡಿದ ಆಕಾರವೂ ಆ ರೂಪಕ್ಕೆ ಮೂಲವೆಂದು ಅವರೇ ಹೇಳಿದ್ದಾರೆ. ಅದಕ್ಕೆ ಕಣ್ಣುಗಳನ್ನು ಬರೆಯಬಾರದೇಕೆ ಎಂದು ಯಾರೋ ಸೂಚಿಸಿದರಂತೆ. ಕಣ್ಣು ಬಂದರೆ ನಾಳೆ ಕನ್ನಡಕ ಬರುತ್ತದೆ, ನಾಡಿದ್ದು ಮೀಸೆ ಬರುತ್ತದೆ, ಅದಕ್ಕೆ ಕೊನೆಯೆಲ್ಲಿ ಎಂದು ಯೋಚಿಸಿ ಆ ಸಲಹೆಯನ್ನು ಕೈಬಿಟ್ಟರು. ಅವನು ತಿನ್ನುವವನು; ತಿನ್ನುವುದಕ್ಕೆ ಬೇಕಾದದ್ದು ಬಾಯಿ. ಬಾಯಿ ಇದೆ, ಅಷ್ಟು ಸಾಕು. ಇದು ಬಡತನವಲ್ಲ, ಸಂಯಮ.

ಬಡತನವೇ ರೂಪ ಕೊಟ್ಟ ಉದಾಹರಣೆಯೂ ಉಂಟು. ೧೯೮೧ರಲ್ಲಿ ನಿಂಟೆಂಡೋ ಕಂಪನಿಯ ಶಿಗೆರು ಮಿಯಾಮೊಟೊ ‘ಡಾಂಕಿ ಕಾಂಗ್’ ಎಂಬ ಆಟಕ್ಕಾಗಿ ಒಬ್ಬ ಬಡಗಿಯನ್ನು ಚಿತ್ರಿಸಿದರು. ಮುಂದೆ ಲೋಕವೆಲ್ಲ ಮಾರಿಯೋ ಎಂದು ಕರೆದದ್ದು ಇವನನ್ನೇ. ಅವನಿಗೆ ದೊರೆತ ಸ್ಥಳ ಅಡ್ಡಕ್ಕೆ ೧೬ ಚುಕ್ಕಿ, ಉದ್ದಕ್ಕೆ ೧೬ ಚುಕ್ಕಿ. ಚುಕ್ಕಿ ರಂಗೋಲಿ ಹಾಕಿ ಬಲ್ಲವರಿಗೆ ಈ ಕಷ್ಟ ಕೂಡಲೇ ತಿಳಿದೀತು. ಇಷ್ಟರಲ್ಲಿ ತುಟಿಯನ್ನು ಬರೆಯುವುದು ಹೇಗೆ? ದಪ್ಪ ಮೂಗಿನ ಕೆಳಗೆ ಒಂದು ಮೀಸೆ ಇಟ್ಟರು. ಬಾಯಿಯ ಚಿಂತೆ ತೀರಿತು. ಓಡುವಾಗ ನೆಗೆಯುವಾಗ ತಲೆಗೂದಲು ಹಾರುವುದನ್ನು ತೋರಿಸಲಾಗದು, ಟೋಪಿ ಹಾಕಿದರು. ಕೈಯ ಚಲನೆ ಮೈಯ ಬಣ್ಣದಲ್ಲಿ ಕಲಸಿಹೋಗಬಾರದು. ಅಂಗಿಗೊಂದು ಬಣ್ಣ, ಭುಜಪಟ್ಟಿಯ ಷರಾಯಿಗೆ ಬೇರೊಂದು ಬಣ್ಣ ಕೊಟ್ಟರು. ಮೀಸೆ, ಟೋಪಿ, ಷರಾಯಿ ಮೂರೂ ಅಲಂಕಾರಕ್ಕಾಗಿ ಬಂದವಲ್ಲ, ಅಗತ್ಯಕ್ಕಾಗಿ ಬಂದವು. ಇಂದಿನ ಯಂತ್ರಗಳಲ್ಲಿ ಅವನ ಮೀಸೆಯ ಒಂದೊಂದು ಕೂದಲನ್ನೂ ತೋರಿಸಬಹುದಾದರೂ ಅವನ ಗುರುತು ಈಗಲೂ ಅವೇ ಮೂರು.

ಆದರೆ ರೂಪವೊಂದರಿಂದಲೇ ಅಜ್ಜಿಯ ‘ಒಬ್ಬ’ ಹುಟ್ಟಲಿಲ್ಲ. ಅವರು ನೋಡಿದ್ದು ನಡತೆಯನ್ನು. ಪ್ಯಾಕ್‌ಮ್ಯಾನನ ನಾಲ್ಕು ಭೂತಗಳನ್ನೇ ತೆಗೆದುಕೊಳ್ಳಿ. ಬಣ್ಣದ ಹೊರತು ಅವುಗಳ ಆಕಾರದಲ್ಲಿ ಭೇದವೇ ಇಲ್ಲ. ಭೇದವಿರುವುದು ಗುಣದಲ್ಲಿ. ಕೆಂಪು ಭೂತ ನೇರವಾಗಿ ಬೆನ್ನಟ್ಟುತ್ತದೆ. ಗುಲಾಬಿಯದು ನಮ್ಮ ಬಾಯಿ ಯಾವ ಕಡೆಗಿದೆಯೆಂದು ನೋಡಿ, ನಾಲ್ಕು ಹೆಜ್ಜೆ ಮುಂದೆ ಹೋಗಿ ಹೊಂಚುಹಾಕಲು ಯತ್ನಿಸುತ್ತದೆ. ನೀಲಿಯದು ಕೆಂಪು ಭೂತ ಎಲ್ಲಿದೆ, ನಾವೆಲ್ಲಿದ್ದೇವೆ ಎಂದು ಎರಡನ್ನೂ ಲೆಕ್ಕಹಾಕಿ ಹೊರಡುತ್ತದೆ. ಕಿತ್ತಳೆಯದು ದೂರದಿಂದ ಬಹು ಧೈರ್ಯವಾಗಿ ಬರುತ್ತದೆ. ಹತ್ತಿರ ಬಂದೊಡನೆ ತನ್ನ ಮೂಲೆಯ ಕಡೆಗೆ ತಿರುಗಿಬಿಡುತ್ತದೆ! ಪ್ರಿನ್ಸಿಪಾಲರಿಗೆ ಮನವಿ ಕೊಡಲು ಹೊರಟ ಗುಂಪಿನಲ್ಲಿ ಇಂಥ ಒಬ್ಬನನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಮಾತನ್ನೂ ಆಡದೆ, ಮುಖಭಾವವನ್ನು ತೋರದೆ, ಕೇವಲ ನಡೆಯುವ ರೀತಿಯಿಂದ ನಾಲ್ಕು ಸ್ವಭಾವಗಳು ಇಲ್ಲಿ ಮೂಡಿವೆ.

ಇನ್ನೊಂದು ಸ್ವಾರಸ್ಯವಾದ ಸಂಗತಿ. ‘ಗೇಮ್ ಬಾಯ್’ ಎಂಬ ಕೈಯಂತ್ರಕ್ಕಾಗಿ ಮಸಾಹಿರೊ ಸಕುರಾಯಿ ಎಂಬ ತರುಣರು, ೧೯೯೨ರಲ್ಲಿ ಹೊರಬಂದ ಒಂದು ಆಟವನ್ನು ಸಿದ್ಧಪಡಿಸುತ್ತಿದ್ದರು. ನಾಯಕನ ಚಿತ್ರ ತಯಾರಾಗುವವರೆಗೆ ಇರಲೆಂದು ಅವನ ಜಾಗದಲ್ಲಿ ಒಂದು ದುಂಡನೆಯ ಉಂಡೆಯನ್ನು ತಾತ್ಕಾಲಿಕವಾಗಿ ಇಟ್ಟುಕೊಂಡರು. ಗಾಳಿ ಹೀರಿ ಉಬ್ಬಿ ತೇಲುವ ಆ ಉಂಡೆಯೊಡನೆ ದಿನವೂ ಕೆಲಸ ಮಾಡುತ್ತ ಮಾಡುತ್ತ ಅದರ ಮೇಲೆಯೇ ಪ್ರೀತಿ ಹುಟ್ಟಿತು. ನಿಜವಾದ ನಾಯಕ ಬರಲೇ ಇಲ್ಲ; ಉಂಡೆಯೇ ‘ಕರ್ಬಿ’ ಎಂಬ ನಾಯಕನಾಯಿತು. ಯಾರದೋ ಬದಲಿಗೆ ಪಾತ್ರ ವಹಿಸಲು ಬಂದವನು ರಂಗವನ್ನೇ ಗೆದ್ದ ಕಥೆ ಇದು.

“ಅದೆಲ್ಲ ಯಂತ್ರಗಳು ದುರ್ಬಲವಾಗಿದ್ದ ಕಾಲದ ಮಾತು” ಎಂದು ಮಿತ್ರ ಆಕ್ಷೇಪಿಸಿದ. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಯಂತ್ರಗಳು ಬಲಿಷ್ಠವಾದ ಮೇಲೆ, ೨೦೧೨ರಲ್ಲಿ, ಇಂಗ್ಲೆಂಡಿನ ಮೈಕ್ ಬಿತೆಲ್ ಎಂಬವರು ‘ಥಾಮಸ್ ವಾಸ್ ಅಲೋನ್’ ಎಂಬ ಆಟವನ್ನು ಹೊರತಂದರು. ಅದರ ಪಾತ್ರಗಳು ಬರಿಯ ಬಣ್ಣದ ಆಯತಗಳು ಮತ್ತು ಚೌಕಗಳು, ಒಂದಕ್ಕೂ ಕಣ್ಣಿಲ್ಲ. ಅಲ್ಲಿ ಕ್ರಿಸ್ ಎಂಬ ಗಿಡ್ಡ ಚೌಕವಿದೆ. ಎತ್ತರಕ್ಕೆ ನೆಗೆಯಲಾರದು, ಆದುದರಿಂದ ಅದಕ್ಕೆ ಎಲ್ಲರ ಮೇಲೂ ಗೊಣಗಾಟ. ಕ್ಲೇರ್ ಎಂಬ ದೊಡ್ಡ ನೀಲಿ ಚೌಕ ಬಹಳ ನಿಧಾನ. ಆದರೆ ನೀರಿನಲ್ಲಿ ತೇಲಬಲ್ಲೆನೆಂದು ತಿಳಿದ ದಿನದಿಂದ ತಾನೊಬ್ಬ ಮಹಾವೀರಳೆಂದು ಅವಳ ಭಾವನೆ. ನೋಡಿ, ಬರೆಯುತ್ತ ಬರೆಯುತ್ತ ನಾನೂ ‘ಅವಳ’ ಎಂದುಬಿಟ್ಟೆ! ಅಲ್ಲಿ ಕಥೆ ಹೇಳುವ ಧ್ವನಿಯೊಂದು ಸಹಾಯಕ್ಕಿದೆಯೆಂಬುದನ್ನು ಒಪ್ಪುತ್ತೇನೆ. ಆದರೆ ಆ ಧ್ವನಿ ಹೇಳುವ ಮಾತುಗಳು ನಮಗೆ ಹಿಡಿಸುವುದು, ಆಯತದ ನಡಿಗೆಯಲ್ಲಿ ಅವು ನಿಜವಾಗಿ ಕಾಣುವುದರಿಂದ.

ಚಿಕ್ಕದೆಲ್ಲ ಚೆನ್ನೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಚುಕ್ಕಿಗಳಲ್ಲಿ ಮೂಡಿ, ಯಾರ ನೆನಪಿನಲ್ಲಿಯೂ ನಿಲ್ಲದೆ ಹೋದ ಬೊಂಬೆಗಳಿಗೆ ಲೆಕ್ಕವಿಲ್ಲ. ಬೆವರಹನಿ ಕಾಣುವ ಆಟಗಳಲ್ಲಿಯೂ ಒಳ್ಳೆಯವು ಇವೆ. ಅವುಗಳಲ್ಲಿಯೂ ನಮ್ಮ ಮನಸ್ಸಿನಲ್ಲಿ ಉಳಿಯುವುದು ಬೆವರಲ್ಲ, ಆ ಮನುಷ್ಯ ಮಾಡಿದ ಕೆಲಸ. ಪುಟ್ಟ ಪಾತ್ರವನ್ನು ರಚಿಸುವವನಿಗೆ ಬೆವರಿನ ಮರೆಯಲ್ಲಿ ಅಡಗುವ ಅನುಕೂಲವಿಲ್ಲ. ಅವನು ಮೊದಲೇ ತೀರ್ಮಾನಿಸಬೇಕು: ಇವನು ಏನು ಮಾಡುವವನು? ಉತ್ತರ ಗಟ್ಟಿಯಾಗಿದ್ದರೆ ಒಂದು ಬಿಲ್ಲೆ ಸಾಕು.

ಈ ಮಾತು ಆಟಗಳಿಗಷ್ಟೇ ಸೀಮಿತವಲ್ಲವೆಂದು ನನ್ನ ಭಾವನೆ. ನಮ್ಮಂಥ ವಿದ್ಯಾರ್ಥಿಗಳು ಬರೆಯುವ ಕಥೆಗಳಲ್ಲಿ ನಾಯಕಿಯ ಮುಂಗುರುಳಿಗೆ ಅರ್ಧ ಪುಟ, ಕಣ್ಣಿಗೆ ಇನ್ನರ್ಧ ಪುಟ ಹೋಗುವುದುಂಟು. ಪುಟ ತಿರುವಿದ ಮೇಲೆ ಅವಳು ಏನು ಮಾಡಿದಳೆಂದು ಕೇಳಿದರೆ ಉತ್ತರವಿಲ್ಲ. ಹೋದ ವರ್ಷ ನಾನು ಬರೆದು, ಸಂಪಾದಕರು ದಯವಿಟ್ಟು ಹಿಂದಿರುಗಿಸಿದ ಕಥೆಯೂ ಇದೇ ಜಾತಿಯದು. ಅದನ್ನು ಮೊನ್ನೆ ಅಜ್ಜಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, “ಹುಡುಗಿ ಚೆನ್ನಾಗಿದ್ದಾಳೆ, ಸರಿ. ಆಮೇಲೆ?” ಎಂದರು.

ಅದಕ್ಕೆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಮುಂಗುರುಳನ್ನು ತೆಗೆದುಹಾಕಿದ್ದೇನೆ.